ಪ್ಲೇಟಿನ ಮೇಲಿನ ಕರಿ ಧೂಳು

ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ಕೊಟ್ರಪ್ಪ, ಬೀಗದ ಕೈ ತಮ್ಮನಿಗೆ ಕೊಟ್ಟು ಮಠಕ್ಕೆ ಬಂದ. ದೀಕ್ಷೆ ಬೇಕು ಅಂದ.

ಮಠದ ಸ್ವಾಮಿಗಳಾದ ಅಜ್ಜನವರು ಅಂಗಳದ ಆಚೆಗಿನ ಹೊಲ ತೋರಿಸಿದರು. ಕಂಬಗಳ ಮೇಲೆ ಸೋಲಾರ್ ಪ್ಲೇಟು, ಅವುಗಳ ನೆರಳಿನಲ್ಲಿ ಬದನೆ ಸಸಿ. ಬಾವಿಯ ಮೋಟಾರು ನಡೆಯುವುದು ಆ ಪ್ಲೇಟುಗಳಿಂದಲೇ.

"ಈ ಸಸಿ ಕಾಯಿ ಬಿಡಲಿ. ಆಮ್ಯಾಲೆ ದೀಕ್ಷಾದ ಮಾತು."

ತಿಂಗಳೊಪ್ಪತ್ತಿನಲ್ಲಿ ಸಸಿಗಳು ತಲೆ ಬಾಗಿಸಿದವು.

"ಅಜ್ಜಾರ, ಮೋಟಾರು ನೀರು ಎಳೀವಲ್ದು. ಪ್ಲೇಟಿನ ಮ್ಯಾಲೆ ಹೆಸರು ಬರೀಬೌದು, ಅಷ್ಟು ಧೂಳು. ನಸುಕಿನಾಗ ಒರೆಸಿದ್ರ ಹೊತ್ತು ಏರೂದ್ರಾಗ ಮತ್ತ ಅಷ್ಟ. ಎಲ್ಲಾ ಆ ರಸ್ತೆ ಲಾರಿಗಳ ಕೆಲಸ."

"ನೀರಿಗೆ ಏನು ಮಾಡಿದಿ?"

"ಬಂದ ದಿನದಿಂದಾನ ಉಳಿಸೀನ್ರಿ. ಅಂಗಳಕ್ಕ ಹೊಡೆಯೋ ನೀರು ನಿಲ್ಲಿಸಿ, ದಿನಾ ಎರಡು ಕೊಡ ಸಸಿಗೆ ಹಾಕ್ತೀನಿ." ಹೇಳುವಾಗ ಕೊಟ್ರಪ್ಪನ ಎದೆ ಸ್ವಲ್ಪ ಉಬ್ಬಿತು.

ಅಜ್ಜನವರು ಪ್ಲೇಟಿನ ಮೇಲೆ ಅಂಗೈ ಎಳೆದು ಅವನ ಮುಂದೆ ಹಿಡಿದರು.

"ರಸ್ತೆ ಮಣ್ಣು ಯಾವ ಬಣ್ಣ?"

"ಕೆಂಪು, ಅಜ್ಜಾರ."

"ಇದು?"

ಕಪ್ಪು. ಮಠದ ಅಂಗಳದ ಮಣ್ಣು. ದಿನಾ ಪ್ಲೇಟು ಒರೆಸಿದ ಕೂಡಲೇ ಆ ಒಣ ಅಂಗಳವನ್ನು ಭರಭರ ಗುಡಿಸುತ್ತಿದ್ದವನು ಅವನೇ. ಎರಡು ಕೊಡ ಉಳಿಸಲು ಹೋಗಿ, ಮೋಟಾರು ಎಳೆಯಬೇಕಿದ್ದ ತೊಟ್ಟಿಗಟ್ಟಲೆ ನೀರು ಕಳೆದಿದ್ದ. ಅಂಗಡಿಯ ಆಳು ಇಂಥ ವ್ಯಾಪಾರ ಮಾಡಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದ.

ಅಜ್ಜನವರು ತಮ್ಮ ಸ್ನಾನಕ್ಕೆ ಇಟ್ಟಿದ್ದ ಕೊಡ ತಂದು, ಬೊಗಸೆ ಬೊಗಸೆ ನೀರನ್ನು ಅಂಗಳಕ್ಕೆ ಚಿಮುಕಿಸಿದರು. ಧೂಳು ಕೂತಿತು. ಹಸಿ ಮಣ್ಣಿನ ವಾಸನೆ ಎದ್ದಿತು.

ಕೊಟ್ರಪ್ಪ ಕಣ್ಣು ಮುಚ್ಚಿ ಆ ವಾಸನೆ ಎಳೆದುಕೊಂಡ.

"ಏನು ನೆನಪಾತು?"

"ಅವ್ವ ಹಿಂಗ ಥಳಿ ಹೊಡೀತಿದ್ಲು, ಅಜ್ಜಾರ. ಮೊದ್ಲು ನೀರು, ಆಮ್ಯಾಲೆ ಕಸಬರಿಗೆ. ಆಕಿ ಕೈಬಳಿ ಸದ್ದು ಕಂಬಳಿಯೊಳಗ ಕೇಳ್ತಿತ್ತು. ಇನ್ನೊಂದು ಗಳಿಗಿ ಮಲಗಬೌದು ಅಂತ ನನಗ ಖುಷಿ. ಈ ವಾಸನಿ ಮರ್ತೇ ಬಿಟ್ಟಿದ್ದೆ."

ವ್ಯಾಪಾರದವನು, ಬೇಗ ಲೆಕ್ಕಕ್ಕೆ ಮರಳಿದ.

"ಮತ್ತ ನನ್ನ ದೀಕ್ಷಾ?"

ಅಜ್ಜನವರು ಖಾಲಿ ಕೊಡವನ್ನು ಅವನ ಕೈಗಿಟ್ಟರು.

"ಅದನ್ನ ನಿಮ್ಮವ್ವ ದಿನಾ ಮುಂಜಾನೆ ಅಂಗಳದಾಗ ಕೊಡ್ತಿದ್ಲು. ನೀನ ಕಂಬಳಿ ಬಿಟ್ಟು ಏಳಲಿಲ್ಲ."