ಇಬ್ಬರು ಸಾಹೇಬರಿಗೊಂದು ಸರ್ವರ್

ನಮ್ಮ ಪುರಸಭೆಯಲ್ಲಿ ಕೆಳಗೆ ಕಂದಾಯ ವಿಭಾಗ, ಮೇಲೆ ಕಾಮಗಾರಿ ವಿಭಾಗ. ನೆಟ್‌ವರ್ಕ್ ಬೇರೆ ಬೇರೆ. ಇಲ್ಲಿನ ಫೈಲು ಅಲ್ಲಿ ತೆರೆಯದು. ಮನೆ ಪರವಾನಗಿಗೆ ಬಂದ ಮುದುಕರು ಕಾಗದ ಹಿಡಿದು ಮೆಟ್ಟಿಲು ಹತ್ತಿಳಿದೇ ಸುಸ್ತಾಗುತ್ತಿದ್ದರು. ಕಡೆಗೆ ಎರಡಕ್ಕೂ ಸೇರಿಸಿ ಒಂದು ಸರ್ವರ್ ಬಂತು.

"ಅದು ನನ್ನ ರೂಮಲ್ಲೇ ಇರಬೇಕು" ಅಂದರು ಕಂದಾಯದ ಪುಟ್ಟಮಾದಪ್ಪ. ಕಾಮಗಾರಿಯ ಲೋಹಿತಾಶ್ವರದೂ ಅದೇ ಹಟ. ಇಬ್ಬರ ನಡುವೆ ಮಾತಿಲ್ಲ, ಒಬ್ಬರ ರೂಮಿಗೆ ಇನ್ನೊಬ್ಬರು ಕಾಲಿಡರು.

ಆಪರೇಟರ್ ಸಾವಂತ್ರಮ್ಮ ಇಬ್ಬರಿಗೂ "ಆಗಲಿ ಸಾರ್" ಅಂದರು. ಮಾರನೆಯ ದಿನ ಎರಡೂ ರೂಮಲ್ಲಿ ಹಸಿರು ದೀಪ ಮಿಣುಕುವ ಕಪ್ಪು ಡಬ್ಬಿ. ಇಬ್ಬರೂ ತಂತಮ್ಮ ಡಬ್ಬಿಗೆ ಕುಂಕುಮವಿಟ್ಟು ಬೀಗಿದರು. ಫೈಲುಗಳು ಮೇಲೆ ಕೆಳಗೆ ಸಲೀಸಾಗಿ ಓಡಾಡಿದವು.

ಒಂದು ದಿನ ಲೋಹಿತಾಶ್ವ ಮಗಳ ಮದುವೆಯ ಲಾಡು ಹಂಚಿಸಿದರು. ಪುಟ್ಟಮಾದಪ್ಪನವರ ಟೇಬಲ್ಲಿಗೆ ಮಾತ್ರ ಬರಲಿಲ್ಲ. ಅವರು ಉರಿದುಕೊಂಡು ಡಬ್ಬಿ ಆಫ್ ಮಾಡಿದರು. "ಬರಲಿ, ಬಂದು ಕೈ ಮುಗಿಯಲಿ!"

ಸಂಜೆಯವರೆಗೆ ಯಾರೂ ಬರಲಿಲ್ಲ. ಮೇಲಿನಿಂದ ಒಬ್ಬ ಅಜ್ಜಿ ಮಾತ್ರ ಪರವಾನಗಿ ಹಿಡಿದು ನಗುತ್ತಾ ಇಳಿದು ಹೋದಳು.

ಪುಟ್ಟಮಾದಪ್ಪ ಸಾವಂತ್ರಮ್ಮನನ್ನು ಕರೆಸಿದರು. "ಏನಮ್ಮಾ ಇದು, ಆಫ್ ಮಾಡಿದ್ರೂ ಮೇಲೆ ನಡೀತಿದೆ?"

"ನಿಜವಾದ ಸರ್ವರ್ ಮೆಟ್ಟಿಲ ಕೆಳಗಿನ ಬೀರುವಲ್ಲಿದೆ ಸಾರ್. ಸಿಟ್ಟು ಬಂದಾಗ ಆಫ್ ಮಾಡೋಕೆ ನಿಮಗೂ ಏನಾದ್ರೂ ಬೇಕಲ್ಲ, ಅದಕ್ಕೇ ಇದನ್ನಿಟ್ಟೆ."

ಪುಟ್ಟಮಾದಪ್ಪ ಮೆಲ್ಲಗೆ ಕೇಳಿದರು: "ಮೇಲಿನವರದು?"

"ಅವರು ಸೋಮವಾರವೇ ಆಫ್ ಮಾಡಿದಾರೆ ಸಾರ್. ನೀವು ಬಂದು ಕೈ ಮುಗೀಲಿ ಅಂತ ಇನ್ನೂ ಕಾಯ್ತಿದಾರೆ."