ಎರಡೆಲೆ ಬಂಡೆ

ಮಗಳು ಮತ್ತೆ ಬಂದು ಸೆರಗು ಎಳೆದಳು. ಬರೆಯಲು ಕೂತರೆ ಸಾಕು, ನಿನ್ನೆ ಕೇಳಿದ್ದನ್ನೇ ಕೇಳುತ್ತಾಳೆ. "ತಡಿ, ಬರಿಯಾಕತ್ತೀನಿ" ಎಂದು ಗದರಿ ಕಳಿಸಿದೆ. ನಮ್ಮೂರಿನ ಹೊಳೆದಂಡೆಯಲ್ಲಿ ಮನೆಯಂಗಳದಷ್ಟು ಅಗಲದ ಒಂದು ಬಂಡೆಯಿದೆ. ಯಾವಾಗ ನೋಡಿದರೂ ಅದರ ಮೇಲೆ ಕಲ್ಲು ಹೇರಿದ ಎರಡು ಮುತ್ತುಗದ ಎಲೆಗಳಿರುತ್ತವೆ. ಹೊರಗಿನವರು ಬಂದು, ಎಲೆಗಳನ್ನು ಕಸವೆಂದು ಕಾಲಿನಿಂದ ಸರಿಸಿ, ಅಲ್ಲೇ ಕೂತು ಫೋಟೊ ತೆಗೆಸಿಕೊಂಡು, ಆಮೇಲೆ ಎರಡೆಲೆ ಬಂಡೆ ಎಂದು ಯಾಕೆ ಹೆಸರು ಎಂದು ನಮ್ಮನ್ನೇ ಕೇಳುತ್ತಾರೆ.

ಹಿಂದೆ ಒಮ್ಮೆ ಹೊಳೆಯಾಚೆ ಬೇರೆ ರಾಜ್ಯವಿತ್ತು. ಅಲ್ಲಿ ದಂಡು ನುಗ್ಗಿ ಊರುಗಳಿಗೆ ಬೆಂಕಿಯಿಟ್ಟಾಗ, ಉಳಿದವರು ತುಂಬಿದ ಹೊಳೆ ಈಜಿ ಈಚೆ ಬಂದರಂತೆ. ಅವರಲ್ಲಿ ಮಂಗಾಯಿ ಎಂಬವಳೊಬ್ಬಳು. ಇಬ್ಬರು ಮಕ್ಕಳ ತಾಯಿ. ಬೆನ್ನಿಗೆ ಕಟ್ಟಿಕೊಂಡು ಈಜಲು ಆದದ್ದು ಒಂದನ್ನೇ. ಕೂಸನ್ನು ಕಟ್ಟಿಕೊಂಡು, ದೊಡ್ಡ ಹುಡುಗಿಗೆ "ಇಲ್ಲೇ ನಿಂದ್ರು, ಬಂದೆ" ಎಂದು ಹೇಳಿ ನೀರಿಗಿಳಿದಳು. ಈ ದಡ ಮುಟ್ಟಿ ತಿರುಗಿ ನೋಡುವಷ್ಟರಲ್ಲಿ ಆಚೆ ಕುದುರೆಗಳಿದ್ದವು, ಮಗಳಿರಲಿಲ್ಲ.

ನಮ್ಮವರು ಕೆಟ್ಟವರಲ್ಲ. ಗುಡಿಸಲು ಕಟ್ಟಿಕೊಟ್ಟರು, ಜೋಳ ಕೊಟ್ಟರು. ಮಂಗಾಯಿ ದಿನಾ ಆ ಬಂಡೆಯ ಮೇಲೆ ಎರಡು ಎಲೆ ಹಾಸಿ ನುಚ್ಚು ಬಡಿಸುತ್ತಿದ್ದಳು, ಒಂದು ತನಗೆ, ಇನ್ನೊಂದು ಮಗಳಿಗೆ. ಎದುರಿನ ಎಲೆಯೊಂದಿಗೆ ಮಾತಾಡುತ್ತ ಉಂಡು ಎದ್ದು, ಎಲ್ಲರಂತೆ ಹೊಲಕ್ಕೆ ಹೋಗುವಳು. ಒಮ್ಮೊಮ್ಮೆ ನಗುವಳು ಕೂಡ. ಆದರೆ ನಮ್ಮಲ್ಲಿ ಉಣ್ಣುವವರಿಲ್ಲದ ಎಲೆಯೆಂದರೆ ಸತ್ತವರ ಎಡೆ. ಗೌಡಸಾನಿ ಬಸಲಿಂಗವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಸತ್ತವ್ರಿಗೆ ದಿನಾ ಎಡಿ ಇಡಬಾರ್ದು ತಂಗಿ. ವರ್ಷಕ್ಕೊಮ್ಮೆ ಸಾಕು."

"ಸತ್ತಿಲ್ಲ ಅಕ್ಕಾ. ಹಸಿದು ಬರ್ತಾಳ."

"ನಿನಗ ತಿಳೀವಲ್ದು. ನಾವು ಮಾಡಿಸ್ತೀವಿ ಬಿಡು."

ಅವಳ ಒಳ್ಳೆಯದಕ್ಕೆಂದೇ ಊರವರು ಸೇರಿ ಆ ಹುಡುಗಿಯ ಸಾವಿನ ದಿನ ಮಾಡಿದರು. ಹೋಳಿಗೆ ಬೇಯಿಸಿ, ಎಡೆಗೆ ಹೊಸ ಲಂಗ ಇಟ್ಟು, ಮಂಗಾಯಿಯ ಕೈಯಿಂದಲೇ ನೀರು ಬಿಡಿಸಿದರು. ಮರುದಿನ ಅವಳು ಒಂದೇ ಎಲೆ ಹಾಸಿದಳು. ಸರಿಹೋದಳು ಎಂದು ಎಲ್ಲರಿಗೂ ಸಮಾಧಾನ. ಆ ಎಲೆಯ ತುತ್ತು ಅವಳು ಮುಟ್ಟದೇ ಇದ್ದದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಅಮಾವಾಸ್ಯೆ ಬರುವಷ್ಟರಲ್ಲಿ ಸೊರಗಿ ತೀರಿಕೊಂಡಳು ಎನ್ನುತ್ತಾರೆ. ಬಸಲಿಂಗವ್ವ ಕೂಸನ್ನು ಸಾಕಿಕೊಂಡಳು. ತಾನಿರುವ ತನಕ ದಿನಾ ಬಂಡೆಗೆ ಬಂದು ಎರಡು ಎಲೆ ಹಾಸಿದಳು. ಎಲೆ ತೆಗೆಸುವ ಬದಲು ಜೊತೆಗೆ ಕೂತು ಉಂಡಿದ್ದರೆ ಆಗುತ್ತಿತ್ತಲ್ಲ ಎಂದು ಹಲುಬುತ್ತಿದ್ದಳಂತೆ.

ಈಗಲೂ ಹೊಳೆ ದಾಟುವ ಮುಂಚೆ ನಮ್ಮೂರ ಹೆಂಗಸರು ಅಲ್ಲಿ ಎರಡು ಎಲೆ ಇಟ್ಟೇ ದೋಣಿ ಹತ್ತುತ್ತೇವೆ. ನಿನ್ನೆ ಚಿಕ್ಕವನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನೂ ಇಟ್ಟೆ. ಮಗಳು ಎಲೆಗಳ ಮೇಲೆ ಕಲ್ಲು ಹೇರಿ, ನನ್ನ ಮುಖ ನೋಡಿ ಕೇಳಿದಳು:

"ಯವ್ವಾ, ನೀ ಆಗಿದ್ರ ಯಾರನ್ನ ಕಟ್ಕೋತಿದ್ದಿ?"