ಇರುಳಮ್ಮನ ಗವಿಗೆ ದೀಪವಿಲ್ಲದ ಕಾರಣ

ಆ ಎಲೆಗೆ ನಮ್ಮ ಸೀಮೆಯಲ್ಲಿ ‘ಉಸುರು...’ ಎಂದೇನೋ ಹೆಸರಿತ್ತು; ಪೂರ್ತಿ ನಾಲಿಗೆಗೆ ಬರುತ್ತಿಲ್ಲ, ಹುಟ್ಟಿದ ಕಾಡು ಬಿಟ್ಟು ಬಹಳ ಕಾಲವಾಯಿತು. ಜೇನು ಕೊಯ್ಯುವವರು ಹೊಗೆ ಹಾಕುವ ಮುನ್ನ ಅದನ್ನು ತೊರೆಯಲ್ಲಿ ನೆನೆಸಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು. ಗವಿಯ ಮಹಿಮೆಯೆಲ್ಲ ಆ ಎಲೆಯಿಂದಲೇ.

ಪೂರ್ವಕಾಲದಲ್ಲಿ, ನಡುಹಗಲಿನಲ್ಲೂ ಬಿಸಿಲು ನೆಲ ಮುಟ್ಟದ ಮಹಾರಣ್ಯದ ನಡುವೆ, ಶ್ರೀ ಇರುಳಮ್ಮ ದೇವಿಯು ಕಲ್ಲುಗವಿಯಲ್ಲಿ ನೆಲೆಸಿ, ಸಹಸ್ರಾರು ಪುಟ್ಟ ಬಾವಲಿಗಳನ್ನು ಮಕ್ಕಳಂತೆ ಸಾಕಿಕೊಂಡಿದ್ದಳು. ಸಂಜೆಯಾದರೆ ಅವು ಹೊರಟು, ಚಿಗುರು ತಿನ್ನುವ ಹುಳುಗಳನ್ನು ಹಿಡಿದು ಕಾಡನ್ನು ಕಾಯುತ್ತಿದ್ದವು. ಅವುಗಳನ್ನು ಕಾಯುತ್ತಿದ್ದವಳು ದೊಡ್ಡೀರಿ ಎಂಬ ಜೇನು ಕೊಯ್ಯುವ ಹೆಂಗಸು. ಮರಿ ಹಾಕುವ ತಿಂಗಳಲ್ಲಿ ಗವಿಯ ಹತ್ತಿರ ಒಂದು ಕೊಳ್ಳಿಯನ್ನೂ ಅವಳು ಸುಳಿಯಗೊಡುತ್ತಿರಲಿಲ್ಲ.

ಆ ಸೀಮೆಯ ಪಾಳೆಯಗಾರ ಸೂರನಾಯಕನಿಗೆ ಮಕ್ಕಳಿರಲಿಲ್ಲ. ಕತ್ತಲೆಯಲ್ಲಿ ಕೂತ ದೇವಿಗೆ ಬೆಳಕು ಕೊಟ್ಟರೆ ಒಲಿದಾಳೆಂದು ತಾನೇ ಎಣಿಸಿ, ಸಾವಿರ ದೀಪದ ಹರಕೆ ಹೊತ್ತು, ಮರಿ ಹಾಕುವ ಅದೇ ತಿಂಗಳಲ್ಲಿ ಪರಿವಾರಸಮೇತನಾಗಿ ಬಂದ. ಜೇನು ಕೊಯ್ಯುತ್ತಿದ್ದ ದೊಡ್ಡೀರಿ ಸುದ್ದಿ ತಿಳಿದು, ಮೂಗಿನ ಹಸಿ ಎಲೆಯನ್ನು ಕೊರಳಿಗೆ ಜಾರಿಸಿ ಓಡಿಬಂದು ಅಡ್ಡ ನಿಂತಳು.

“ಒಳಗೆ ಬಾಣಂತೀರವ್ರೆ ಒಡೆಯಾ, ಹೊಗೆ ಒಯ್ಯಬೇಡಿ.”

“ಬಾಣಂತಿಗೆ ಧೂಪ ಹಾಕೋದು ಒಳ್ಳೇದಲ್ವೇನೇ?” ಎಂದು ನಾಯಕ ನಕ್ಕ. “ಅಷ್ಟು ಸಂಕಟವಾದ್ರೆ ನೀನೂ ಹೋಗಿ ಅವುಗಳ ಜೊತೆ ಜೋತು ಬೀಳು!”

ಪರಿವಾರವೂ ನಕ್ಕಿತು. ಅವಳನ್ನು ಪಕ್ಕಕ್ಕೆ ನೂಕಿ ದೀಪ ಹಚ್ಚಿದರು. ಎಣ್ಣೆಯ ಹೊಗೆ ಚಾವಣಿ ಮುಟ್ಟಿದ್ದೇ ತಡ, ಮರಿಯನ್ನು ಎದೆಗವಚಿಕೊಂಡಿದ್ದ ತಾಯಿಬಾವಲಿಗಳು ಮಾಗಿದ ಹಣ್ಣಿನಂತೆ ತೊಪತೊಪನೆ ಉದುರತೊಡಗಿದವು. ದೊಡ್ಡೀರಿ ಒಳನುಗ್ಗಿ, ಕೈಗೆ ಸಿಕ್ಕ ಒಂದು ತಾಯಿಬಾವಲಿಯ ಮೂಗಿಗೆ ತನ್ನ ಎಲೆಯನ್ನೊತ್ತಿ, ಉಸಿರು ಕಟ್ಟುತ್ತಿದ್ದರೂ ಕೂಗಿದಳು:

“ನಿನಗೊಂದು ತೊಟ್ಟಿಲು ಬೇಕೂಂತ ಇಷ್ಟು ತೊಟ್ಟಿಲು ಸುಡ್ತೀಯೇನೋ ಪಾಪಿ! ಇದನ್ನ ನೋಡ್ಕೊಂಡು ಕೂತಿದ್ದೀಯಲ್ಲೇ ಇರುಳವ್ವಾ, ನೀನೆಂಥಾ ತಾಯಿಯೇ!”

ಆ ಬೈಗುಳಕ್ಕೆ ಬಂಡೆ ಬಿರಿದು ನೀರು ಸುರಿದು ಸಾವಿರ ದೀಪವೂ ಒಮ್ಮೆಗೇ ಆರಿದವು. ಕತ್ತಲೆಯೊಳಗಿಂದ ದೇವಿ ನುಡಿದಳು: “ಕತ್ತಲೆಯೇ ನನ್ನ ಆಭರಣ. ಇಲ್ಲಿ ದೀಪ ಹಚ್ಚಿದವನ ಮನೆ ಬೆಳಗದು. ಇವಳ ಎಲೆ ನನ್ನ ಮಕ್ಕಳ ಮುಖದಲ್ಲಿ ಯುಗಯುಗಕ್ಕೂ ಇರಲಿ.”

ಬದುಕುಳಿದ ಬಾವಲಿಗಳ ಮೂಗಿನ ಮೇಲೆಲ್ಲ ಎಲೆ ಮೂಡಿತು. ದೊಡ್ಡೀರಿ ಮಾತ್ರ ಮತ್ತೆ ಏಳಲಿಲ್ಲ.

ಚಾವಣಿಯ ಆ ಮಸಿ ಇಂದಿಗೂ ಇದೆ. ಕಡುಬೇಸಿಗೆಯಲ್ಲೂ ಬಂಡೆ ತೊಟ್ಟಿಕ್ಕುತ್ತದೆ. ಅಮಾವಾಸ್ಯೆಯಂದು ಭಕ್ತರು ಗವಿಯ ಬಾಯಲ್ಲೇ ಒಂದು ಹಸಿ ಎಲೆಯಿಟ್ಟು, ಒಳಗೆ ಕಾಲಿಡದೆ ಮರಳುತ್ತಾರೆ. ಈಗ ಯಾರೋ ಭಕ್ತಿಯಿಂದ ಒಳಗೆಲ್ಲ ಕರೆಂಟು ದೀಪ ಹಾಕಿಸುತ್ತಾರಂತೆ. ಸೂರನಾಯಕನೂ ಭಕ್ತಿಯಿಂದಲೇ ಬಂದಿದ್ದ.

ಸುಗುಣಾ, ನಾನು ಹೇಳಿ ನೀನು ಬರೆದುಕೊಂಡ ಈ ಕಥೆಗೆ ಎಲೆಯ ಹೆಸರನ್ನು ನೆನಪಾದಾಗ ಸೇರಿಸೋಣ ಮಗಳೇ. ಮೊದಲು ಗವಿಯ ಬಾಯಲ್ಲಿ ನಿಲ್ಲಿಸುವ ಹಲಗೆಗೆ ಇದನ್ನು ದಪ್ಪಕ್ಷರದಲ್ಲಿ ಬರೆ: ಒಳಗೆ ಬಾಣಂತಿಯರಿದ್ದಾರೆ, ದೀಪ ತಂದವರು ಹಿಂದಕ್ಕೆ ಹೋಗಿ.